ರಾಗಿಯ ಬೇರಿಗೆ ನೆರವಾಗುವ ಶಿಲೀಂಧ್ರ

ಬನಶಂಕರಿ, ಜಯನಗರಗಳಲ್ಲಿ ಹಿಂದೆ ರಾಗಿಯ ಹೊಲಗಳಿದ್ದ ಕಡೆ ಈಗ ಮನೆಗಳೆದ್ದಿವೆ. ಅದೇ ಜಾತಿಯ ಕೆಂಪು ಮಣ್ಣಿನಲ್ಲಿ ಕನಕಪುರ, ಆನೇಕಲ್ ಕಡೆಯ ರೈತರು ಇಂದಿಗೂ ರಾಗಿಯನ್ನು ಬೆಳೆಯುತ್ತಾರೆ. ಈ ಮಣ್ಣಿನಲ್ಲಿ ರಂಜಕಾಂಶವಿದ್ದರೂ ಅದನ್ನು ಕಬ್ಬಿಣದ ಅಂಶವು ಬಿಗಿಯಾಗಿ ಹಿಡಿದಿರುವುದರಿಂದ ಪೈರಿಗೆ ಸುಲಭವಾಗಿ ದೊರೆಯುವುದಿಲ್ಲ.

ಈ ಕೊರತೆಯನ್ನು ತುಂಬಲು ಪ್ರಕೃತಿಯು ಒಂದು ಏರ್ಪಾಡನ್ನು ಮಾಡಿದೆ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರವು ಬೇರಿನೊಳಗೆ ಸೇರಿ, ಕೂದಲಿಗಿಂತ ಸೂಕ್ಷ್ಮವಾದ ಎಳೆಗಳನ್ನು ಹೊರಕ್ಕೆ ಚಾಚಿ, ಬೇರು ಮುಟ್ಟಲಾರದ ಸ್ಥಳದಿಂದ ರಂಜಕವನ್ನು ತಂದುಕೊಡುತ್ತದೆ. ಪ್ರತಿಯಾಗಿ ಪೈರು ಅದಕ್ಕೆ ಸಕ್ಕರೆಯನ್ನೂ ಕೊಬ್ಬನ್ನೂ ಕೊಡುತ್ತದೆ. ಇಂತಹ ಶಿಲೀಂಧ್ರದ ಗುರುತುಗಳು ಸುಮಾರು 40 ಕೋಟಿ ವರ್ಷಗಳ ಹಿಂದಿನ ಸಸ್ಯಶಿಲೆಗಳಲ್ಲಿಯೂ ದೊರೆತಿವೆ.

ಈ ಸ್ನೇಹದ ಶಕ್ತಿಯು ಬೀಜದಲ್ಲಿಯೇ ಅಡಗಿದೆ. ರಂಜಕದ ಹಸಿವಾದಾಗ ಬೇರು ಒಂದು ದ್ರವ್ಯವನ್ನು ಒಸರಿಸಿ ಶಿಲೀಂಧ್ರವನ್ನು ಕರೆಯುತ್ತದೆಂಬುದನ್ನು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಶಿಲೀಂಧ್ರದ ಉತ್ತರವನ್ನು ಗುರುತಿಸಿ ಒಳಗೆ ಬಿಟ್ಟುಕೊಳ್ಳುವ ಕೆಲಸವು ಕೆಲವು ವಂಶವಾಹಿಗಳದು. ಅವರೆ, ತೊಗರಿಗಳ ಬೇರಿನ ಗಂಟುಗಳಿಗೂ ಇವುಗಳಲ್ಲಿ ಹಲವು ಅವಶ್ಯಕ. ಸಾಸಿವೆ, ಎಲೆಕೋಸುಗಳ ವಂಶವಾದರೋ ಇವುಗಳಲ್ಲಿ ಕೆಲವನ್ನು ಕಳೆದುಕೊಂಡಿರುವುದರಿಂದ ಆ ಬೆಳೆಗಳಲ್ಲಿ ಈ ಶಿಲೀಂಧ್ರವು ನೆಲಸುವುದಿಲ್ಲ. ಒಂದೇ ಬೆಳೆಯ ತಳಿಗಳಲ್ಲಿಯೂ ಭೇದವುಂಟು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಸಜ್ಜೆಯಲ್ಲಿ ಇದನ್ನು ಕಂಡು 1985ರಲ್ಲಿ ಪ್ರಕಟಿಸಿದರು.

ಪೈರಿಗೆ ರಂಜಕವು ಯಥೇಚ್ಛವಾಗಿ ಸಿಕ್ಕಿದರೆ ಅದು ತಾನಾಗಿಯೇ ಶಿಲೀಂಧ್ರಕ್ಕೆ ಬಾಗಿಲು ಮುಚ್ಚುತ್ತದೆ. ಆದುದರಿಂದ ಸೂಪರ್ ಫಾಸ್ಫೇಟನ್ನು ಅಳತೆಮೀರಿ ಹಾಕಿದವರು ಹಣವನ್ನೂ ಈ ನೆರವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ರೈತರು ಅನುಸರಿಸಬೇಕಾದ ಕ್ರಮಗಳು:

1. ಮಣ್ಣನ್ನು ಪರೀಕ್ಷೆ ಮಾಡಿಸಿ, ಬೇಕಾದಷ್ಟು ರಂಜಕದ ಗೊಬ್ಬರವನ್ನು ಮಾತ್ರ ಹಾಕಿರಿ. ಶಿಲೀಂಧ್ರವು ನೆಲದಲ್ಲಿರುವುದನ್ನು ತರಬಲ್ಲುದೇ ಹೊರತು ಹೊಸದಾಗಿ ಸೃಷ್ಟಿಸಲಾರದು. ಆದ್ದರಿಂದ ಕೊಟ್ಟಿಗೆಗೊಬ್ಬರವನ್ನು ಬಿಡಬಾರದು.

2. ರಾಗಿಯಲ್ಲಿ ಅವರೆಯ ಅಕ್ಕಡಿ ಸಾಲುಗಳನ್ನು ಉಳಿಸಿಕೊಳ್ಳಿರಿ. ಸಾಸಿವೆಯು ಅಕ್ಕಡಿಯಲ್ಲಿರಲಿ, ಅದೊಂದನ್ನೇ ಇಡೀ ಹೊಲಕ್ಕೆ ವರ್ಷವರ್ಷವೂ ಬಿತ್ತಬೇಡಿರಿ. ಕೋಸು ಬೆಳೆದ ಜಮೀನಿಗೆ ಮುಂದೆ ದ್ವಿದಳ ಧಾನ್ಯವನ್ನು ಹಾಕುವುದು ಮೇಲು.

3. ನೆಲವನ್ನು ಬಹುಕಾಲ ಬರಿದಾಗಿ ಬಿಡಬೇಡಿರಿ, ಅನಾವಶ್ಯಕವಾಗಿ ಉಳಬೇಡಿರಿ. ಉಳುಮೆಯಿಂದ ಶಿಲೀಂಧ್ರದ ಎಳೆಗಳು ಕಡಿದುಹೋಗುತ್ತವೆ.

4. ನಾಟಿ ರಾಗಿಗೆ ಶಿಲೀಂಧ್ರದ ಗೊಬ್ಬರವನ್ನು ಸಸಿಮಡಿಯಲ್ಲಿಯೇ ಸೇರಿಸಿದರೆ ಸ್ವಲ್ಪದರಲ್ಲಿಯೇ ಕೆಲಸವಾಗುತ್ತದೆ.

5. ಒಂದೇ ಹೊಲದಲ್ಲಿ ಎರಡು ತಳಿಗಳನ್ನು ಪಕ್ಕಪಕ್ಕದಲ್ಲಿ ಬೆಳೆದು, ಪ್ರತಿಯೊಂದರ ಅರ್ಧಭಾಗಕ್ಕೆ ಸೂಪರ್ ಫಾಸ್ಫೇಟನ್ನು ಬಿಟ್ಟು ಇಳುವರಿಯನ್ನು ತೂಗಿ ನೋಡಿರಿ. ಕಡಮೆ ಗೊಬ್ಬರದಲ್ಲಿಯೂ ಚೆನ್ನಾಗಿ ತೆನೆಗಟ್ಟಿದ ತಳಿಯಿಂದಲೇ ಬೀಜವನ್ನು ಇಟ್ಟುಕೊಳ್ಳುವುದು ಲಾಭಕರ.

ಗ್ರಾಮದ ಮುಖಂಡರು ತಮ್ಮ ಜಮೀನಿನಲ್ಲಿ ಮೊದಲು ಈ ಪರೀಕ್ಷೆಯನ್ನು ನಡೆಸಿದರೆ ಉಳಿದ ರೈತರೂ ಕಣ್ಣಾರೆ ಕಂಡು ನಂಬುವರು.