ಆವರ್ತಾಂಕಗಳ ಹಂಚಿಕೆ: ಹವ್ಯಾಸಿ ರೇಡಿಯೋ ಕಲಿಸುವ ಪಾಠ

ಹೂಮಳೆ ತಡವಾದ ವರ್ಷ ಮಲೆನಾಡಿನ ಕಾಫಿ ತೋಟಗಳಿಗೆ ಹಳ್ಳದ ನೀರನ್ನು ಪಂಪಿನಿಂದ ಎತ್ತಿ ತುಂತುರಾಗಿ ಹಾಯಿಸುವುದು ವಾಡಿಕೆ. ಮೇಲಿನ ತೋಟದವರು ದೊಡ್ಡ ಪಂಪನ್ನು ಹಗಲಿರುಳೂ ನಡೆಸಿದರೆ ಕೆಳಗಿನ ತೋಟಕ್ಕೆ ನೀರು ಉಳಿಯದು. ‘ಹ್ಯಾಂ’ ಎಂದು ಕರೆಯಲ್ಪಡುವ ಹವ್ಯಾಸಿ ರೇಡಿಯೋ ಬಳಕೆದಾರರಿಗೆ ಆವರ್ತಾಂಕವೂ ಇಂತಹುದೇ ಸಾಮೂಹಿಕ ಸಂಪತ್ತು.

ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದ ಪ್ರತಿಯೊಬ್ಬ ಹವ್ಯಾಸಿಗೂ ಪ್ರತ್ಯೇಕ ಕರೆಸಂಕೇತ ದೊರೆಯುತ್ತದೆ. ಪ್ರತ್ಯೇಕ ಆವರ್ತಾಂಕ ಯಾರಿಗೂ ದೊರೆಯುವುದಿಲ್ಲ. ದೂರದ ಸಂಪರ್ಕಕ್ಕೆ ಬಳಸುವ 7ರಿಂದ 7.2 ಮೆಗಾಹರ್ಟ್ಸ್ ಪಟ್ಟಿಯ ಅಗಲ 200 ಕಿಲೋಹರ್ಟ್ಸ್ ಮಾತ್ರ. ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದ ಒಂದು ಸಂಭಾಷಣೆಗೆ ಸುಮಾರು 3 ಕಿಲೋಹರ್ಟ್ಸ್ ಬೇಕು. ಇಡೀ ಪಟ್ಟಿಯನ್ನು ಮಾತಿಗೇ ಮೀಸಲಿಟ್ಟರೂ ಒಂದೆಡೆ ಏಕಕಾಲದಲ್ಲಿ ಸುಮಾರು 66 ಸಂಭಾಷಣೆಗಳಿಗಷ್ಟೇ ಎಡೆ. ಆದುದರಿಂದಲೇ ‘ಮೊದಲು ಆಲಿಸು, ಅನಂತರ ನುಡಿ’ ಎಂಬುದು ಹವ್ಯಾಸಿಗಳ ಮೊದಲ ನಿಯಮ.

ಆದರೆ ಗುಡ್ಡಗಾಡಿನಲ್ಲಿ ಆಲಿಸುವುದೊಂದೇ ಸಾಲದು. ಸಮೀಪದ ಸಂಪರ್ಕಕ್ಕೆ ಬಳಸುವ 144–146 ಮೆಗಾಹರ್ಟ್ಸ್ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡವಾದರೆ ಕ್ಷೀಣಿಸುತ್ತವೆ. ಕಳಸದ ಕಣಿವೆಯಲ್ಲೊಬ್ಬರು, ಮೂಡಿಗೆರೆಯ ಕಡೆ ಇನ್ನೊಬ್ಬರು ಇದ್ದಾರೆಂದು ಭಾವಿಸೋಣ. ಒಬ್ಬರ ಧ್ವನಿ ಇನ್ನೊಬ್ಬರಿಗೆ ಕೇಳಿಸದು. ಎತ್ತರದ ಶಿಖರದಲ್ಲಿರುವ ಮೂರನೆಯವರಿಗೆ ಇಬ್ಬರದೂ ಕೇಳಿಸುತ್ತದೆ. ಆವರ್ತಾಂಕ ಬರಿದಾಗಿದೆಯೆಂದು ತಿಳಿದು ಇಬ್ಬರೂ ಒಮ್ಮೆಗೇ ಮಾತನಾಡಿದರೆ, ಎಫ್.ಎಂ. ಗ್ರಾಹಕವು ಪ್ರಬಲ ಸಂಕೇತವನ್ನು ಹಿಡಿದು ದುರ್ಬಲವಾದುದನ್ನು ಅಡಗಿಸುತ್ತದೆ. ದೊಡ್ಡ ಪ್ರೇಷಕವಿದ್ದವರ ಹರಟೆ ಉಳಿಯುತ್ತದೆ. ಕೈಯಲ್ಲಿ 5 ವಾಟ್ ಯಂತ್ರ ಹಿಡಿದವರ ಕರೆ ಅಳಿಯುತ್ತದೆ. ತಪ್ಪು ನಡೆದುದು ತಪ್ಪಿತಸ್ಥರಿಗೇ ತಿಳಿಯುವುದಿಲ್ಲ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮೂಡಿಗೆರೆಯ ಸೀಮೆಯಲ್ಲಿ ಗುಡ್ಡಗಳು ಕುಸಿದವು. ಭದ್ರಾ ನದಿ ಉಕ್ಕಿ ಕಳಸ–ಹೊರನಾಡು ಮಾರ್ಗದ ಹೆಬ್ಬಾಳೆ ಸೇತುವೆ ಮುಳುಗಿತು. ಅಂತಹ ದಿನ ವಿದ್ಯುತ್ತೂ ದೂರವಾಣಿಯೂ ನಿಂತುಹೋದರೆ, ಕಣಿವೆಯಿಂದ ಹೊರಡುವ ಕ್ಷೀಣ ಧ್ವನಿಯೊಂದು ಜೀವ ಉಳಿಸಬಲ್ಲುದು. ಅದಕ್ಕೆ ಎಡೆ ದೊರೆಯುವುದು ಉಳಿದವರ ಸಂಯಮದಿಂದ.

ಈ ಸಂಯಮಕ್ಕೆ ನಾಲ್ಕು ಸಾಧನಗಳುಂಟು. ‘ಈ ಆವರ್ತಾಂಕ ಬಳಕೆಯಲ್ಲಿದೆಯೇ?’ ಎಂದು ಕೇಳಿ, ಉತ್ತರಕ್ಕೆ ಕಾಯುವುದು ಮೊದಲನೆಯದು; ಗುಡ್ಡದ ಮೇಲಿನವರು ಉತ್ತರಿಸಬಹುದು. ಪ್ರತಿ ಸರದಿಯ ನಡುವೆ ಕ್ಷಣಕಾಲ ಮೌನವಾಗಿದ್ದು ಇತರರ ಪ್ರವೇಶಕ್ಕೆ ಅವಕಾಶ ಕೊಡುವುದು ಎರಡನೆಯದು. ಸಂಪರ್ಕಕ್ಕೆ ಸಾಕಾಗುವಷ್ಟೇ ಶಕ್ತಿಯನ್ನು ಬಳಸುವುದು ಮೂರನೆಯದು. ವಿಪತ್ತಿನಲ್ಲಿ ಎಲ್ಲರನ್ನೂ ಕೇಳಬಲ್ಲ ಒಂದು ನಿಯಂತ್ರಣ ಕೇಂದ್ರಕ್ಕೆ ಮಣಿದು, ಅದು ಕರೆದಾಗ ಮಾತ್ರ ಮಾತನಾಡುವುದು ನಾಲ್ಕನೆಯದು. ತುರ್ತು ಸುದ್ದಿಯುಳ್ಳವರು ಮಾತ್ರ ಕರೆಗೆ ಕಾಯಬೇಕಾಗಿಲ್ಲ.

ವಿಜ್ಞಾನದ ಅಧ್ಯಾಪಕರು ತರಂಗಗಳ ಪಾಠದೊಡನೆ ಈ ಉದಾಹರಣೆಯನ್ನೂ ತರಗತಿಯಲ್ಲಿ ಬಳಸಬಹುದು. ತನಗೆ ಕೇಳಿಸಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಯಾರೂ ಮಾತನಾಡುತ್ತಿಲ್ಲವೆಂದು ತಿಳಿಯಬಾರದೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಮನಗಾಣುವರು.