ನಕ್ಷೆಗಾರನ ಗಣಿತ

ವಿಜಯಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಕೃಷ್ಣೆಯನ್ನು ತಡೆದು ನಿಲ್ಲಿಸಿದ ಅಣೆಕಟ್ಟಿಗೆ 26 ಗೇಟುಗಳಿವೆ. ಒಂದೊಂದರ ಅಗಲ 15 ಮೀಟರು. ಇಂತಹ ಉಕ್ಕಿನ ಗೇಟು ಕಾರ್ಖಾನೆಯಲ್ಲಿ ರೂಪುಗೊಳ್ಳುವ ಮೊದಲು ಯಂತ್ರ ನಕ್ಷೆಗಾರನ ಹಾಳೆಯ ಮೇಲೆ ಮೂಡಬೇಕು.

ಈ ಗೇಟಿನ ಮೈ ವೃತ್ತದ ಕಂಸದಂತೆ ಬಾಗಿರುತ್ತದೆ. ನೀರಿನ ಒತ್ತಡವು ಯಾವ ಮೈಗಾದರೂ ಲಂಬವಾಗಿಯೇ ಬೀಳುತ್ತದೆ. ಕಂಸಕ್ಕೆ ಲಂಬವಾದ ರೇಖೆಯು ರೇಖಾಗಣಿತದ ನಿಯಮದಂತೆ ಕೇಂದ್ರವನ್ನು ಸೇರುತ್ತದೆ. ಆದುದರಿಂದ ಗೇಟು ತಿರುಗುವ ಅಚ್ಚನ್ನು ನಕ್ಷೆಯಲ್ಲಿ ಕೇಂದ್ರದಲ್ಲಿಯೇ ಗುರುತಿಸಲಾಗುತ್ತದೆ. ಆಗ ನೀರಿನ ಒತ್ತಡವನ್ನೆಲ್ಲ ಅಚ್ಚು ಹೊರುತ್ತದೆ. ಎತ್ತುವ ಯಂತ್ರಕ್ಕೆ ಉಳಿಯುವುದು ಗೇಟಿನ ತೂಕ ಮತ್ತು ಘರ್ಷಣೆ ಮಾತ್ರ.

15 ಮೀಟರು ಹಾಳೆಯಲ್ಲಿ ಹಿಡಿಯದು. 1:50ರ ಪ್ರಮಾಣದಲ್ಲಿ ಅದು 30 ಸೆಂಟಿಮೀಟರಾಗುತ್ತದೆ. ಆದರೆ ಹಾಳೆಯನ್ನು ಅಳೆದು ಉಕ್ಕನ್ನು ಕತ್ತರಿಸಿದರೆ, ಅಳತೆಯಲ್ಲಿ ಅರ್ಧ ಮಿಲಿಮೀಟರಿನ ತಪ್ಪು ಉಕ್ಕಿನಲ್ಲಿ 25 ಮಿಲಿಮೀಟರಾಗುತ್ತದೆ. ಅದಕ್ಕೆಂದೇ ನಕ್ಷೆಗಾರನು ಪ್ರತಿ ಭಾಗದ ನಿಜವಾದ ಅಳತೆಯನ್ನೂ, ಅದರಲ್ಲಿ ಎಷ್ಟು ಹೆಚ್ಚುಕಡಿಮೆ ಸಲ್ಲುತ್ತದೆಂಬುದನ್ನೂ ಅಂಕಿಗಳಲ್ಲಿ ಬರೆಯುತ್ತಾನೆ.

ಇಂದು ಗೆರೆ ಎಳೆಯುವ ಕೆಲಸವನ್ನು ಗಣಕಯಂತ್ರವು ವಹಿಸಿಕೊಂಡಿದೆ. ಅಂಕಿಯ ಹೊಣೆ ಮಾತ್ರ ಮನುಷ್ಯನದೇ. ಅಂಕಿ ತಪ್ಪಿದರೆ ಗೇಟು ಸಿಕ್ಕಿಕೊಳ್ಳುತ್ತದೆ, ಇಲ್ಲವೆ ಸೋರುತ್ತದೆ. ಬಸವನ ಬಾಗೇವಾಡಿಯಂತಹ ಬರದ ಸೀಮೆಯ ಹೊಲಕ್ಕೆ ಸಲ್ಲಬೇಕಾದ ನೀರು ಆಗ ವ್ಯರ್ಥವಾಗಿ ಹರಿದುಹೋಗುತ್ತದೆ.