ಮೊದಲ ಬರಹದ ಮಹತ್ವ

ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವ ಉದ್ಯೋಗದಲ್ಲಿರುವರು. ಆ ಕೆಲಸವೆಂಥದೆಂದು ಮನೆಯ ಹಿರಿಯರು ಕೇಳಿದರೆ ತಿಳಿಸಿ ಹೇಳುವದು ಅವರಿಗೆ ಕಷ್ಟವಾಗುವದು. ಆದಕಾರಣ ಆ ವಿದ್ಯೆಯ ಒಂದೇ ಒಂದು ಪಾಠವನ್ನು, ಮುರಗೋಡದ ಪಾಲಕರೆಲ್ಲರೂ ಬಲ್ಲ ಸಾಲೆಯ ದಾಖಲೆ ಪುಸ್ತಕದ ಮುಖಾಂತರ ಇಲ್ಲಿ ವಿವರಿಸುವೆವು.

ಹುಡುಗಿಯ ಹೆಸರು ಹಚ್ಚಲು ಬಂದಾಗ ಆಕೆಯ ಹೆಸರು, ತಂದೆತಾಯಿಗಳ ಹೆಸರು, ಜನ್ಮತಾರೀಖು, ಇಯತ್ತೆ ಇವುಗಳನ್ನು ಬರೆದುಕೊಳ್ಳುವದುಂಟು. ಹಿಂದಿನ ಕಾಲದಲ್ಲಿ ಹಳ್ಳಿಗಳ ಎಷ್ಟೋ ತಂದೆತಾಯಿಗಳಿಗೆ ಮಗುವಿನ ಜನ್ಮತಾರೀಖು ಗೊತ್ತಿರುತ್ತಿರಲಿಲ್ಲ. ಮನೆಯನ್ನು ಖಾಲಿ ಬಿಡಬಾರದೆಂದು ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈ ಸಂಚಿಕೆಯನ್ನೋದುವ ಹಿರಿಯರಲ್ಲಿ ಹಲವರು ಇಲ್ಲಿ ಮುಗುಳ್ನಗುವರೆಂದು ಬಲ್ಲೆವು.

ನಮ್ಮ ತಾಯಿಯವರು ಹುಟ್ಟಿದ್ದು ಜೋಳದ ರಾಶಿಯ ಕಾಲದಲ್ಲೆಂದು ಅಜ್ಜಿ ಹೇಳುತ್ತಿದ್ದರು. ದಾಖಲೆಯಲ್ಲಿ ಮಾತ್ರ ಅದರ ಹಿಂದಿನ ಜೂನ್ 1. ಶಿಕ್ಷಕಿಯಾಗಿದ್ದ ಅವರು ನಿಜವಾದ ವಯಸ್ಸು ತುಂಬುವದಕ್ಕೆ ಏಳೆಂಟು ತಿಂಗಳು ಮೊದಲೇ, ಒಂದು ಮೇ 31ರಂದು, ನಿವೃತ್ತರಾಗಬೇಕಾಯಿತು. ಆ ತಾರೀಖು ದಾಖಲೆಯಿಂದ ಪ್ರಮಾಣಪತ್ರಕ್ಕೂ ಅಲ್ಲಿಂದ ಸೇವಾಪುಸ್ತಕಕ್ಕೂ ನಡೆಯಿತು. ಯಾರೂ ಸಂಶಯಪಡಲಿಲ್ಲ, ಏಕೆಂದರೆ ಅದು ನಿಜದಂತೆಯೇ ಕಾಣುತ್ತಿತ್ತು.

ಇನ್ನು ಯಂತ್ರದ ಕಡೆಗೆ ಬರೋಣ. ನಾರ್ವೆ ದೇಶದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬವರು ರಚಿಸಿದ ಸಿಮ್ಯುಲಾ 67 ಎಂಬ ಭಾಷೆಯಿಂದ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆಗಳು ಹಬ್ಬಿದವು. ಕ್ಲಾಸ್ ಎಂದರೆ ಅಚ್ಚುಹಾಕಿದ ಬರಿಯ ನಮೂನೆ. ಆಬ್ಜೆಕ್ಟ್ ಎಂದರೆ ಒಬ್ಬ ಹುಡುಗಿಗಾಗಿ ತುಂಬಿದ ಹಾಳೆ. ಹಾಳೆ ಹುಟ್ಟುವ ಕ್ಷಣದಲ್ಲಿಯೇ ಅದನ್ನು ತುಂಬುವ ವಿಧಿಗೆ ಕನ್‌ಸ್ಟ್ರಕ್ಟರ್ ಎಂದು ಹೆಸರು.

ಈ ವಿಧಿಯು ಒಂದು ಮನೆಯನ್ನು ಮರೆತರೆ ಏನಾಗುವದು? ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಅಂಕೆಯ ಮನೆಯೊಳಗೆ ಮೊದಲಿದ್ದ ಕಸವೇ ಉಳಿಯಬಹುದು. ಒರೆಸದ ಪಾಟಿಯ ಮೇಲೆ ಹಿಂದಿನ ಹುಡುಗಿಯ ಲೆಕ್ಕವಿದ್ದಂತೆ. 1995ರಲ್ಲಿ ಹೊರಬಂದ ಜಾವಾ ಭಾಷೆಯು ಪಾಟಿಯನ್ನು ಒರೆಸಿಕೊಟ್ಟು, ಅಂಕೆಯ ಮನೆಯಲ್ಲಿ ಸೊನ್ನೆಯನ್ನಿಡುವದು. ಆದರೆ ಸೊನ್ನೆಯೂ ಮೋಸಮಾಡಬಲ್ಲದು. ಅನೇಕ ಯಂತ್ರಗಳು ಕಾಲವನ್ನು 1970ನೆಯ ಜನವರಿ 1ರಿಂದ ಎಣಿಸುತ್ತವೆ. ಹೀಗೆ ಎಣಿಸಿದ ಜನ್ಮತಾರೀಖಿನ ಮನೆಯಲ್ಲಿ ಸೊನ್ನೆ ಉಳಿದರೆ, ಹುಡುಗಿಯು ಆ ದಿನವೇ ಹುಟ್ಟಿದಳೆಂದು ಯಂತ್ರವು ಹೇಳುವದು. ಇದೇ ಯಂತ್ರದ ಜೂನ್ 1!

ಆದುದರಿಂದ ಕಲಿಯುವವರು ನಾಲ್ಕು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು.

ಒಂದನೆಯದು: ಅವಶ್ಯವಾದ ವಿವರಗಳನ್ನು ಕನ್‌ಸ್ಟ್ರಕ್ಟರ್ ಮೊದಲೇ ಕೇಳಿ ಪಡೆಯಬೇಕು, ಆಮೇಲೆ ತುಂಬಿದರಾಯಿತೆಂದು ಬಿಡಬಾರದು. ಜಾವಾದಲ್ಲಿ ಮನೆಗೆ ಫೈನಲ್ ಎಂದು ಗುರುತುಹಾಕಿದರೆ, ಅದನ್ನು ತುಂಬಲು ಮರೆತ ಕ್ರಮವಿಧಿಯನ್ನು ಭಾಷೆಯೇ ಸ್ವೀಕರಿಸುವದಿಲ್ಲ.

ಎರಡನೆಯದು: ಕೊಟ್ಟ ವಿವರವನ್ನು ಪರೀಕ್ಷಿಸಬೇಕು. ಜನ್ಮತಾರೀಖು ನಾಳೆಯದಾಗಿದ್ದರೆ ಆಬ್ಜೆಕ್ಟ್ ಹುಟ್ಟಲೇ ಬಾರದು. ಅಲ್ಲಿಯೇ ತಪ್ಪನ್ನು ಸಾರಿ ನಿಲ್ಲಿಸಬೇಕು.

ಮೂರನೆಯದು: ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಸ್ಪಷ್ಟವಾಗಿ ಬರೆಯಬೇಕು. ಇದಕ್ಕಾಗಿ ಜಾವಾದಲ್ಲಿ 2014ರಿಂದ ಆಪ್ಷನಲ್ ಎಂಬ ಸಾಧನವುಂಟು.

ನಾಲ್ಕನೆಯದು: ಹಾಳೆ ಪೂರ್ತಿಯಾಗುವ ಮೊದಲು ಅದನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಅರ್ಧ ತುಂಬಿದ್ದನ್ನು ನೋಡಿದವರು ಅದನ್ನೇ ಪೂರ್ಣವೆಂದು ನಂಬುವರು.

ನಮ್ಮ ದೇಶವೂ ಈ ಪಾಠವನ್ನು ಕಲಿಯುತ್ತಲಿದೆ. 1969ರ ಜನನ ಮರಣ ನೋಂದಣಿ ಕಾಯದೆಯು 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅಂದಿನಿಂದೀಚೆಗೆ ಹುಟ್ಟಿದ ಮಕ್ಕಳ ಶಾಲಾಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಜನ್ಮತಾರೀಖಿನ ಆಧಾರ. ಪಾಲಕರು ಅದನ್ನು ಮಗು ಹುಟ್ಟಿದೊಡನೆಯೇ ಮಾಡಿಸಿಟ್ಟುಕೊಳ್ಳುವದು ಒಳಿತು.

ಹಿಂದಿನ ಮಾಸ್ತರರನ್ನು ನಾವು ದೂರುವದಿಲ್ಲ. ಅವರಿಗೆ ಬೇರೆ ದಾರಿಯಿರಲಿಲ್ಲ. ಆದರೆ ಇಂದು ಯಂತ್ರದ ಮುಂದೆ ಕುಳಿತ ನಮ್ಮ ಹುಡುಗಿಯರಿಗೆ ದಾರಿಯುಂಟು. ಅವರು ತುಂಬುವ ಪ್ರತಿಯೊಂದು ಹಾಳೆಯ ಹಿಂದೆ, ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ನಡೆದ ಇಂಥ ಒಬ್ಬ ತಾಯಿ ಇರಬಹುದೆಂಬುದನ್ನು ಅವರು ಮರೆಯದಿರಲಿ.